ಬಿಎಸ್‌ಎ ಎಂ20 ಮಿಲಿಟರಿ ಬೈಕ್ ರಿಪೇರಿ: ಪೇಂಟ್ ಡಬ್ಬಿ ಮುಟ್ಟುವ ಮುಂಚೆ ಏನೇನು ಮಾಡಬೇಕು

ಶೆಡ್ಡಿನ ಗೋಡೆಗೆ ಒರಗಿಸಿದ ಚಾಸಿ. ಮಿಲಿಟರಿ ಹಸಿರು ಫಳಫಳ ಹೊಳೀತಿದೆ. ಪಕ್ಕದಲ್ಲಿ ಮೂರು ಗೋಣಿಚೀಲ. ಒಂದರಲ್ಲಿ ಎಂಜಿನ್, ಒಂದರಲ್ಲಿ ಗೇರ್‌ಬಾಕ್ಸ್, ಮೂರನೆಯದರಲ್ಲಿ "ಎಲ್ಲಾ ನಟ್ಟು ಬೋಲ್ಟು ಇದೆ ಸರ್". ನಾಲ್ಕು ವರ್ಷದಿಂದ ಬೈಕು ಹೀಗೇ ನಿಂತಿದೆ. ನನ್ನನ್ನು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರ ಕಥೆ ಇದೇ. ಇವರಿಗೆ ಕೆಲಸ ಬರಲ್ಲ ಅಂತೇನಿಲ್ಲ. ಸರದಿ ತಪ್ಪಿದೆ, ಅಷ್ಟೇ. ಮೊದಲು ಪೇಂಟ್ ಮಾಡಿಸಿಬಿಟ್ಟಿದ್ದಾರೆ.

ಹಾಗಾಗಿ ಇದನ್ನು ಸರದಿಯ ಪ್ರಕಾರವೇ ಬರೆದಿದ್ದೇನೆ. ಬೈಕು ಬಿಎಸ್‌ಎ ಎಂ20, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿಸಿದ್ದು. 496 ಸಿಸಿ, ಸೈಡ್ ವಾಲ್ವ್ ಎಂಜಿನ್ (ವಾಲ್ವ್ ಇರುವುದು ಸಿಲಿಂಡರಿನ ಪಕ್ಕದಲ್ಲಿ), ಮುಂದೆ ಗರ್ಡರ್ ಫೋರ್ಕ್, ಹಿಂದೆ ಸಸ್ಪೆನ್ಷನ್ನೇ ಇಲ್ಲ. ಒಟ್ಟು 1,26,000ದಷ್ಟು ತಯಾರಾದ ಬೈಕಾದ್ದರಿಂದ ನಮ್ಮಲ್ಲೂ ಇನ್ನೂ ಉಳಿದಿವೆ, ಬಿಡಿಭಾಗವೂ ಸಿಗುತ್ತದೆ. ನಿಮ್ಮದು ನಾರ್ಟನ್ 16ಎಚ್ ಅಥವಾ ಮ್ಯಾಚ್‌ಲೆಸ್ ಜಿ3ಎಲ್ ಆಗಿದ್ದರೂ ಸರದಿ ಇದೇ. ಅಳತೆಗಳನ್ನು ಮಾತ್ರ ಆಯಾ ಬೈಕಿನ ಮ್ಯಾನುಯಲ್ ನೋಡಿ ಹಾಕಿಕೊಳ್ಳಿ.

ಹಂತ 1: ದುಡ್ಡು ಕೊಡುವ ಮುಂಚೆ ನಂಬರು ನೋಡಿ

ಚಾಸಿ ನಂಬರು ಹ್ಯಾಂಡಲ್ ಕತ್ತಿನ ಲಗ್ಗಿನ, ಅಂದರೆ ಪೈಪುಗಳು ಸೇರುವ ಕೀಲಿನ ಮೇಲಿರುತ್ತದೆ. ಎಂಜಿನ್ ನಂಬರು ಬ್ಯಾರೆಲ್‌ನ (ಸಿಲಿಂಡರಿನ) ಕೆಳಗೆ, ಕ್ರ್ಯಾಂಕ್‌ಕೇಸಿನ ಎಡಗಡೆ. ಯುದ್ಧಕಾಲದ ಬಹುಪಾಲು ಬೈಕುಗಳಲ್ಲಿ ನಂಬರಿಗೆ ಮುಂಚೆ 'ಡಬ್ಲ್ಯೂಎಂ20' ಅಂತ ಗುದ್ದಿರುತ್ತದೆ. ಮೇಲಿನ ಪೇಂಟನ್ನು ಥಿನ್ನರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ನೋಡಿ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ. ನಂಬರಿನ ಸುತ್ತ ಲೋಹ ತಗ್ಗಾಗಿದ್ದರೆ, ಅಕ್ಷರಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ, ಅಥವಾ ಅಲ್ಲಿ ಪುಟ್ಟಿ ಸಿಕ್ಕರೆ ಅಲ್ಲಿಂದ ಎದ್ದು ಬಂದುಬಿಡಿ.

ಆರ್‌ಸಿ ಪುಸ್ತಕದಲ್ಲಿರುವ ನಂಬರು ಬೈಕಿನ ನಂಬರಿಗೆ ಹೊಂದಬೇಕು. 2021ರ ವಿಂಟೇಜ್ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಬೈಕಿಗೆ 'ವಿಎ' ಸರಣಿಯ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ 20,000 ರೂ., ಮುಗಿದ ಮೇಲೆ ಮರುನೋಂದಣಿಗೆ 5,000 ರೂ. ಒಮ್ಮೆ ಮಾಡಿಸಿದರೆ 10 ವರ್ಷ ನಡೆಯುತ್ತದೆ. ಆದರೆ ದಿನಾ ಆಫೀಸಿಗೆ ಓಡಿಸಲು ಅನುಮತಿ ಇಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಮಾತ್ರ. ಇನ್ನೊಂದು ಷರತ್ತನ್ನು ಜನ ಓದುವುದೇ ಇಲ್ಲ: ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಚಾಸಿ ಕುಯ್ದು ಹಿಂದೆ ಶಾಕ್ ಅಬ್ಸಾರ್ಬರ್ ಕೂರಿಸಿದ ಎಂ20 ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡಬೇಡಿ.

ಹಂತ 2: ಮೊದಲು ಪಾನಾ ಹೊಂದಿಸಿಕೊಳ್ಳಿ

ಈ ಬೈಕಿನಲ್ಲಿ ಎಂಎಂ ಲೆಕ್ಕದ ನಟ್ಟು ಇಲ್ಲ. ಎಲ್ಲಾ ವಿಟ್‌ವರ್ತ್, ಬಿಎಸ್‌ಎಫ್ ಮತ್ತು ಸೈಕಲ್ ಥ್ರೆಡ್, ಅಂದರೆ ಇಂಚಿನ ಲೆಕ್ಕದ ಹಳೇ ಬ್ರಿಟಿಷ್ ಅಳತೆಗಳು. 1/4 ವಿಟ್‌ವರ್ತ್ ನಟ್ಟಿನ ಅಗಲ ಸುಮಾರು 13.3 ಎಂಎಂ. ಅದಕ್ಕೆ ಮನೆಯಲ್ಲಿರುವ 14ರ ಪಾನಾ ಹಾಕುತ್ತಾರೆ. ಎರಡು ಸಲ ಜಾರುತ್ತದೆ, ಮೂರನೇ ಸಲಕ್ಕೆ ನಟ್ಟು ದುಂಡಗಾಗುತ್ತದೆ. ಆಮೇಲೆ ಚಾಣ, ಸುತ್ತಿಗೆ!

ಪಾನಾ ಮೇಲೆ ಬರೆದ 1/4 ಅನ್ನುವುದು ಬೋಲ್ಟಿನ ದಪ್ಪ, ಪಾನಾ ಬಾಯಿಯ ಅಗಲ ಅಲ್ಲ. ಇದು ಗೊತ್ತಿಲ್ಲದೆ ಟೇಪು ಹಿಡಿದು ಅಳೆದು ತಪ್ಪು ಪಾನಾ ತಂದವರು ಬಹಳ. 1/8ರಿಂದ 1/2ವರೆಗೆ ಒಂದು ಸೆಟ್ ರಿಂಗ್, ಒಂದು ಸೆಟ್ ಓಪನ್ ಸಾಕು. ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಹೊಸದಕ್ಕಿಂತ ಗಟ್ಟಿಯಾದ ಹಳೇ ಪಾನಾ ಸಿಗುತ್ತದೆ. ಬೆಂಗಳೂರಿನವರಾದರೆ ಶಿವಾಜಿನಗರದ ಗುಜರಿಯಲ್ಲಿ ಒಂದು ಭಾನುವಾರ ಕಳೆಯಿರಿ.

ಇವಿಷ್ಟರ ಜೊತೆ ಫೀಲರ್ ಗೇಜ್, ಡೆಪ್ತ್ ಗೇಜ್ ಇರುವ ವರ್ನಿಯರ್, ಕಿಡಿ ಕೊಡುವ ಮ್ಯಾಗ್ನೆಟೋದ ಪಿನಿಯನ್ ಗೇರನ್ನು ಎಳೆಯುವ ಪುಲ್ಲರ್, ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲಾಂಪು ಬೇಕು. ಪುಲ್ಲರ್ ಇಲ್ಲದೆ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕೇಸಿಂಗ್‌ನ ಅಂಚು ಒಡೆಯುತ್ತದೆ.

ಹಂತ 3: ಬಿಚ್ಚುವುದು, ಅಂದರೆ ಫೋಟೊ ತೆಗೆಯುವುದು

ಎಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ. ಪ್ಲಗ್ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ, ಒಂದು ವಾರ ಬಿಡಿ. ಆಮೇಲೆ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ.

ಒಂದೊಂದು ಭಾಗ ಬಿಚ್ಚುವ ಮುಂಚೆ ಮೂರು ಫೋಟೊ: ದೂರದಿಂದ ಒಂದು, ಹತ್ತಿರದಿಂದ ಒಂದು, ಸ್ಪೇಸರ್ ಮತ್ತು ವಾಷರ್‌ಗಳನ್ನು ಬಿಚ್ಚಿದ ಸರದಿಯಲ್ಲೇ ಪೇಪರಿನ ಮೇಲೆ ಜೋಡಿಸಿ ಒಂದು. ಎಲ್ಲ ನಟ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಇಟ್ಟುಕೊಂಡರೆ ನೂರು ಚೀಲ ಪುಕ್ಕಟೆ. ಹಳೇ ನಟ್ಟು ಎಷ್ಟೇ ತುಕ್ಕು ಹಿಡಿದಿದ್ದರೂ ಕೆಲಸ ಮುಗಿಯುವವರೆಗೆ ಎಸೆಯಬೇಡಿ. ಲೇತಿನವನಿಗೆ ಮಾದರಿ ತೋರಿಸಲು ಅದೇ ಬೇಕು.

ಬ್ರೇಕ್ ಡ್ರಮ್ ತೆಗೆಯುವಾಗ ಹುಷಾರು. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಆ ದೂಳನ್ನು ಬಾಯಲ್ಲಿ ಊದುವುದು, ಏರ್ ಹೊಡೆಯುವುದು ಬೇಡವೇ ಬೇಡ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಡಿ.

ಹಂತ 4: ಚಾಸಿ ನೆಟ್ಟಗಿದೆಯಾ? ಫೋರ್ಕ್ ಆಡುತ್ತಾ?

ಹಿಂದಿನ ಚಕ್ರದ ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ದಾರ ಎಳೆದು ಕಟ್ಟಿ ನೋಡಿ. ಎರಡೂ ಕಡೆ ಅಂತರ ಒಂದೇ ಇರಬೇಕು. ಸೈಡ್‌ಕಾರ್ ಎಳೆದ ಬೈಕುಗಳು ಒಂದು ಕಡೆಗೆ ವಾಲಿರುವುದು ಸಾಮಾನ್ಯ. ಲಗ್ಗುಗಳ ಕೀಲಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅಲ್ಲಿ ಬಿರುಕಿದೆ ಅಂತ ಅರ್ಥ. ಪೇಂಟ್ ಹೊಡೆದ ಮೇಲೆ ಆ ಗೆರೆ ಕಾಣುವುದಿಲ್ಲ, ಬಿರುಕು ಮಾತ್ರ ಅಲ್ಲೇ ಇರುತ್ತದೆ.

ಗರ್ಡರ್ ಫೋರ್ಕಿನ ಪ್ರಾಣವೆಲ್ಲ ಅದರ ಸ್ಪಿಂಡಲ್‌ಗಳಲ್ಲಿ. ಸ್ಪಿಂಡಲ್, ಬುಷ್ ಎರಡನ್ನೂ ಒಟ್ಟಿಗೆ ಬದಲಿಸಿ. ಜೋಡಿಸಿದ ಮೇಲೆ ಪಕ್ಕದಲ್ಲಿರುವ ಗೀರುಗೀರು ಅಂಚಿನ ವಾಷರನ್ನು ಬೆರಳಿನಲ್ಲಿ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಿದರೆ ಸರಿ. ತಿರುಗದಿದ್ದರೆ ಫೋರ್ಕ್ ಹಿಡಿಯುತ್ತದೆ. ಸಲೀಸಾಗಿ ಗಿರಗಿರ ತಿರುಗಿದರೆ 40ರ ವೇಗದಲ್ಲೇ ಹ್ಯಾಂಡಲ್ ನಡುಗಲು ಶುರು. ನಡುಕ ಬಂದಾಗ ಎಲ್ಲರೂ ಮೊದಲು ಟೈರನ್ನು ಬೈಯುತ್ತಾರೆ!

ಹಂತ 5: ಎಂಜಿನ್

ಸಮಯ ಮತ್ತು ದುಡ್ಡು ಹೆಚ್ಚು ಹೋಗುವುದು ಇಲ್ಲಿ. ಹೋಗಲಿ ಬಿಡಿ.

ಹೆಡ್ ಮತ್ತು ಬ್ಯಾರೆಲ್ ತೆಗೆದ ಕೂಡಲೇ ಕನೆಕ್ಟಿಂಗ್ ರಾಡನ್ನು ಮೇಲಕ್ಕೆ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ. ಮೇಲೆ ಕೆಳಗೆ 'ಟಕ್' ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ. ಬಿಗ್ ಎಂಡ್ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಫ್ಲೈವೀಲ್ ಜೋಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ನೆಟ್ಟಗೆ ಮಾಡಿ ತೋರಿಸುವ ಮಷಿನ್ ಶಾಪಿಗೇ ಕೊಡಿ. "ಕಣ್ಣಲ್ಲೇ ಗೊತ್ತಾಗುತ್ತೆ ಸರ್" ಅನ್ನುವವರಿಗೆ ಕೈಮುಗಿದು ವಾಪಸ್ ಬನ್ನಿ.

ಬ್ಯಾರೆಲ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟಿಗೂ ಬೋರಿಗೂ (ಪಿಸ್ಟನ್ ಓಡಾಡುವ ತೂತು) ನಡುವಿನ ಜಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಿ ಹತ್ತು ನಿಮಿಷ ಬಿಡಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಸೈಡ್ ವಾಲ್ವ್ ಎಂಜಿನ್ ಬಹಳ ಬಿಸಿಯಾಗುವುದು ಇದೇ ಜಾಗದಲ್ಲಿ.

ಬೋರ್ 82 ಎಂಎಂ. ಬೋರ್ ಮಾಡಿಸುವ ಮುಂಚೆ ಪಿಸ್ಟನ್ ಕೈಯಲ್ಲಿರಬೇಕು. ಪಿಸ್ಟನ್ ನೋಡದೆ ಬೋರ್ ಮಾಡಿಸಿ, ಆಮೇಲೆ ಆ ಸೈಜಿಗಾಗಿ ಊರೂರು ಅಲೆಯುವವರನ್ನು ಕಂಡಿದ್ದೇನೆ. ಪಿಸ್ಟನ್ ಸುತ್ತ ಬೇರೆ ಬೈಕಿಗೆ ಬಿಡುವ ಸಂದಿನ ಅಂದಾಜಿನಲ್ಲೇ ಬೋರ್ ಮಾಡುತ್ತಾರೆ, ಒಪ್ಪಬೇಡಿ. ಪಿಸ್ಟನ್ ತಯಾರಿಸಿದವರು ಹೇಳಿದ ಕ್ಲಿಯರೆನ್ಸನ್ನು ಚೀಟಿಯಲ್ಲಿ ಬರೆದುಕೊಡಿ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ಸಮನಾಗಿ ತಳ್ಳಿ ಗ್ಯಾಪ್ ನೋಡಿ. 12ರಿಂದ 15 ಥೌ ಇದ್ದರೆ ಆಯಿತು. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ.

ಎಂಜಿನ್ ಕೇಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಬೇಡ. ಒಂದು ಚಿಟಿಕೆ ಮರಳು ಆಯಿಲ್ ದಾರಿಯಲ್ಲಿ ಉಳಿದರೆ ಹೊಸ ಬಿಗ್ ಎಂಡ್ ನೂರು ಕಿಲೋಮೀಟರ್ ಕೂಡ ಬಾಳುವುದಿಲ್ಲ. ಸೀಮೆಎಣ್ಣೆ, ಬ್ರಷ್, ತಾಳ್ಮೆ, ಇಷ್ಟೇ ಸಾಕು.

ಈಗ ಸಂಪಿನ (ಎಂಜಿನ್ ತಳದಲ್ಲಿ ಆಯಿಲ್ ಸೇರುವ ಜಾಗ) ಬಾಲ್. ಇದನ್ನು ನಾನು ದಂಡ ಕೊಟ್ಟು ಕಲಿತದ್ದು. ಎಂ20ರ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಪಂಪು ಅದನ್ನು ಎಂಜಿನ್ನಿಗೆ ಕಳಿಸಿ, ಕೆಳಗಿಳಿದದ್ದನ್ನು ಎತ್ತಿ ಮತ್ತೆ ಟ್ಯಾಂಕಿಗೆ ಹಾಕುತ್ತದೆ. ಎತ್ತುವ ಪೈಪಿನೊಳಗೆ ಒಂದು ಸಣ್ಣ ಉಕ್ಕಿನ ಗುಂಡು ಇದೆ. ಹಳೇ ಜಿಡ್ಡಿಗೆ ಆ ಗುಂಡು ಅಂಟಿಕೊಂಡರೆ ಆಯಿಲ್ ವಾಪಸ್ ಹೋಗುವುದಿಲ್ಲ. ನನ್ನ ಮೊದಲ ಎಂ20ಯಲ್ಲಿ ಎಲ್ಲ ಹೊಸದಾಗಿ ಮಾಡಿದ್ದೆ, ಈ ಗುಂಡನ್ನು ಬಿಟ್ಟು. ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ಬೀದಿಯೆಲ್ಲ ನೀಲಿ ಹೊಗೆ. ಎದುರುಮನೆ ಅಜ್ಜಿ ಸೊಳ್ಳೆಗೆ ಹೊಗೆ ಹೊಡೆಯೋರು ಬಂದ್ರು ಅಂತ ಕಿಟಕಿ ಹಾಕಿಕೊಂಡರು. ಕೇಸಿನ ಅಡಿಯ ಪ್ಲೇಟ್ ಬಿಚ್ಚಿ, ಪೈಪಿನ ಬಾಯಿಗೆ ಮೊಂಡು ತುದಿಯ ತಂತಿ ತೂರಿಸಿ. ಗುಂಡು ಮೇಲೆ ಹೋಗಬೇಕು, ತಂತಿ ತೆಗೆದಾಗ 'ಟಿಕ್' ಅಂತ ಕೆಳಗೆ ಬಿದ್ದು ಕೂರಬೇಕು. ಆ ಸದ್ದು ಕೇಳಿಸುವವರೆಗೆ ಪ್ಲೇಟ್ ಮುಚ್ಚಬೇಡಿ.

ಆಯಿಲ್ ಪಂಪನ್ನು ಬಿಗಿ ಮಾಡಿದ ಮೇಲೆ ಕೈಯಲ್ಲಿ ತಿರುಗಿಸಿ ನೋಡಿ. ಹಿಡಿದರೆ ಬೋಲ್ಟು ಜಾಸ್ತಿ ಬಿಗಿದು ಬಾಡಿ ಸೊಟ್ಟಗಾಗಿದೆ ಅಂತ ತಿಳಿಯಿರಿ. ಸಡಿಲಿಸಿ, ಸಮನಾಗಿ ಬಿಗಿಯಿರಿ.

ಹಂತ 6: ಮ್ಯಾಗ್‌ಡೈನೋ ಮತ್ತು ಟೈಮಿಂಗ್

ಕಿಡಿ ಕೊಡುವ ಮ್ಯಾಗ್ನೆಟೋ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಎರಡೂ ಒಂದರ ಮೇಲೊಂದು ಕೂತಿರುವುದೇ ಮ್ಯಾಗ್‌ಡೈನೋ. ಪ್ಲಗ್ಗನ್ನು ಹೊರಗಿಟ್ಟು ಕಿಕ್ ಹೊಡೆದರೆ ಕಿಡಿ ಬಂತು, ಹಾಗಾದರೆ ಮ್ಯಾಗ್ನೆಟೋ ಸರಿಯಿದೆ ಅಂತ ನಿರ್ಧರಿಸಬೇಡಿ. ತಣ್ಣಗಿದ್ದಾಗ ಎಲ್ಲಾ ಮ್ಯಾಗ್ನೆಟೋ ಒಳ್ಳೆಯದೇ! ಒಳಗಿನ ಕಂಡೆನ್ಸರ್ ಮತ್ತು ಸುರುಳಿ ಹಳತಾಗಿದ್ದರೆ ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್, ಹದಿನೈದು ಕಿಲೋಮೀಟರ್ ಚೆನ್ನಾಗಿ ಓಟ, ಆಮೇಲೆ ಪಟಪಟ ಅಂತ ನಿಂತುಹೋಗುತ್ತದೆ. ಎಷ್ಟು ಒದ್ದರೂ ಇಲ್ಲ. ಮುಕ್ಕಾಲು ಗಂಟೆ ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್. ಜನ ಕಾರ್ಬೊರೇಟರ್ ಬಿಚ್ಚುತ್ತಾ ವರ್ಷ ಕಳೆಯುತ್ತಾರೆ. ಸುಮ್ನೆ ಆರ್ಮೇಚರ್ ರೀವೈಂಡ್ ಮಾಡಿಸಿ, ಹೊಸ ಕಂಡೆನ್ಸರ್ ಹಾಕಿಸಿ. ಎಂಜಿನ್ ಬಿಚ್ಚಿರುವಾಗಲೇ ಮಾಡಿಸಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಇಗ್ನಿಷನ್ ಟೈಮಿಂಗನ್ನು ಹೆಡ್ ಕೂರಿಸುವ ಮುಂಚೆಯೇ ಇಡಿ. ಹೆಡ್ ಇದ್ದರೆ ಪ್ಲಗ್ ತೂತಿನಿಂದ ಓರೆಯಾಗಿ ಕಡ್ಡಿ ಬಿಟ್ಟು ಅಳೆಯಬೇಕು, ಅಳತೆ ಸುಳ್ಳಾಗುತ್ತದೆ. ಹೆಡ್ ಇಲ್ಲದಿದ್ದರೆ ಡೆಪ್ತ್ ಗೇಜನ್ನು ನೇರವಾಗಿ ಪಿಸ್ಟನ್ ಮೇಲೆ ಇಳಿಸಬಹುದು. ಕ್ರಮ ಹೀಗೆ:

1. ಪಾಯಿಂಟ್ (ತೆರೆದ ಕ್ಷಣ ಕಿಡಿ ಹಾರಿಸುವ ಮ್ಯಾಗ್ನೆಟೋದ ಸ್ವಿಚ್ಚು) ಗ್ಯಾಪ್ 12 ಥೌ ಇಡಿ. ಇದನ್ನು ಆಮೇಲೆ ಬದಲಿಸಿದರೆ ಟೈಮಿಂಗೂ ಬದಲಾಗುತ್ತದೆ, ಅದಕ್ಕೇ ಇದು ಮೊದಲು.
2. ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಸುತ್ತಿನಲ್ಲಿ ಪಿಸ್ಟನ್ನನ್ನು ತುದಿಗೆ ತಂದು ಅಳತೆ ಬರೆದುಕೊಳ್ಳಿ.
3. ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿ, ಪಿಸ್ಟನ್ ತುದಿಯಿಂದ 7/16 ಇಂಚು, ಅಂದರೆ ಸುಮಾರು 11 ಎಂಎಂ ಕೆಳಗಿರುವಂತೆ ನಿಲ್ಲಿಸಿ. ಸ್ವಲ್ಪ ಜಾಸ್ತಿ ಕೆಳಗೆ ಇಳಿಸಿ ಮತ್ತೆ ಮೇಲೆ ತಂದರೆ ಗೇರಿನ ಸಡಿಲ ಲೆಕ್ಕಕ್ಕೆ ಬರುವುದಿಲ್ಲ.
4. ಅಡ್ವಾನ್ಸ್ ಲಿವರನ್ನು (ಕಿಡಿಯನ್ನು ಬೇಗ ಅಥವಾ ತಡವಾಗಿ ಹಾರಿಸುವ ಲಿವರ್) ಪೂರ್ತಿ ಅಡ್ವಾನ್ಸ್‌ಗೆ, ಅಂದರೆ ಬೇಗ ಹಾರುವ ಕಡೆಗೆ ತಳ್ಳಿ. ಇದನ್ನೇ ಮರೆಯುವುದು!
5. ಪಾಯಿಂಟ್ ನಡುವೆ ಬೀಡಿ ಕಟ್ಟಿನ ತೆಳು ಕಾಗದದ ಚೂರು ಸಿಕ್ಕಿಸಿ, ಮ್ಯಾಗ್ನೆಟೋ ತಿರುಗಿಸುತ್ತಾ ಮೆಲ್ಲಗೆ ಎಳೆಯಿರಿ. ಕಾಗದ ಸಡಿಲವಾಗಿ ಜಾರಿದ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ.
6. ಅಲ್ಲಿಗೆ ನಿಲ್ಲಿಸಿ ಪಿನಿಯನ್ನನ್ನು ಅದರ ಟೇಪರ್ ಮೇಲೆ ತಟ್ಟಿ ಕೂರಿಸಿ, ನಟ್ಟು ಬಿಗಿದು, ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ನಟ್ಟು ಬಿಗಿಯುವಾಗ ಪಿನಿಯನ್ ಸ್ವಲ್ಪ ತಿರುಗಿಬಿಡುವುದು ಇದ್ದದ್ದೇ.

ಆಮೇಲೆ ಹೆಡ್. ತಾಮ್ರದ ಗ್ಯಾಸ್ಕೆಟ್ ಹಳೆಯದಾದರೂ ಪರವಾಗಿಲ್ಲ. ಒಲೆಯ ಮೇಲೆ ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿ. ಮೆದುವಾಗುತ್ತದೆ, ಮತ್ತೆ ಚೆನ್ನಾಗಿ ಕೂರುತ್ತದೆ. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ (ವಾಲ್ವನ್ನು ಕೆಳಗಿನಿಂದ ತಳ್ಳುವ ಕಡ್ಡಿ) ಗ್ಯಾಪ್ ಇನ್‌ಲೆಟ್ 10 ಥೌ, ಎಕ್ಸಾಸ್ಟ್ 12 ಥೌ. ವಾಲ್ವ್ ಎತ್ತುವ ಲಿವರಿನ ಕೇಬಲ್ಲಿನಲ್ಲಿ ಸ್ವಲ್ಪ ಸಡಿಲ ಬಿಡಿ. ಅದು ಬಿಗಿಯಿದ್ದರೆ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಹಂತ 7: ಪೇಂಟ್ ಇಲ್ಲದೆ ಇಡೀ ಬೈಕ್ ಜೋಡಿಸಿ

ಎಲ್ಲರೂ ಹಾರಿಸುವ ಹಂತ ಇದು. ತುಕ್ಕು ಉಜ್ಜಿದ ಬರೀ ಚಾಸಿಗೆ ಎಂಜಿನ್, ಗೇರ್‌ಬಾಕ್ಸ್, ಚಕ್ರ, ಟ್ಯಾಂಕ್, ಮಡ್‌ಗಾರ್ಡ್, ಸ್ಟ್ಯಾಂಡ್, ಕೊನೆಗೆ ಹಾರ್ನಿನ ಕ್ಲಾಂಪಿನವರೆಗೆ ಎಲ್ಲವನ್ನೂ ಕೂರಿಸಿ. ನಮ್ಮ ದೇಶದಲ್ಲಿ ತಯಾರಾಗುವ ಮಡ್‌ಗಾರ್ಡ್, ಟೂಲ್‌ಬಾಕ್ಸ್, ಸೈಲೆನ್ಸರ್‌ಗಳು ನೋಡಲು ಅಸಲಿನಂತೆಯೇ ಇರುತ್ತವೆ. ತೂತು ಮಾತ್ರ ಕಾಲು ಇಂಚು ಆಚೆ ಈಚೆ. ಆ ತೂತನ್ನು ಫೈಲಿನಲ್ಲಿ ಉಜ್ಜಿ ಸರಿಮಾಡುವ ಕೆಲಸ ಈಗ ಆಗಬೇಕು.

ಮೊದಲ ಬೈಕಿನಲ್ಲಿ ಸರದಿ ತಪ್ಪಿಸಿ, ಪೇಂಟ್ ಆದ ಚಾಸಿಯನ್ನೇ ವೆಲ್ಡಿಂಗ್‌ಗೆ ಹೊತ್ತುಕೊಂಡು ಹೋಗಿದ್ದೆ. ವೆಲ್ಡರ್ ಒಮ್ಮೆ ಚಾಸಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ಏನ್ ಸರ್, ಮದ್ವೆ ಆದ್ಮೇಲೆ ಹೆಣ್ ನೋಡಕ್ ಬಂದಿದೀರ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಚೈನ್ ಲೈನನ್ನೂ ಈಗಲೇ ನೋಡಿ. ಎಂಜಿನ್ ಸ್ಪ್ರಾಕೆಟ್ ಮತ್ತು ಕ್ಲಚ್ ಸ್ಪ್ರಾಕೆಟ್ ಮೇಲೆ ನೇರ ಪಟ್ಟಿಯಿಟ್ಟರೆ ಎರಡೂ ತಾಗಬೇಕು. ಎಂಜಿನ್ ಸ್ಟಾರ್ಟ್ ಮಾಡುವುದೂ ಈ ಹಂತದಲ್ಲೇ, ಪೇಂಟ್ ಇಲ್ಲದ ಬೈಕಿನಲ್ಲೇ.

ಹಂತ 8: ಮೊದಲ ಕಿಕ್

ಆಯಿಲ್ ಟ್ಯಾಂಕಿಗೆ 20ಡಬ್ಲ್ಯೂ-50 ಆಯಿಲ್ ಹಾಕಿ. ಪ್ಲಗ್ ಬಿಚ್ಚಿಟ್ಟು ಮೂವತ್ತು ನಲವತ್ತು ಕಿಕ್ ಹೊಡೆದು ಆಯಿಲ್ ಓಡಾಡುವಂತೆ ಮಾಡಿ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಹಳೇ ರಬ್ಬರ್ ಪೈಪು, ಟ್ಯಾಂಕಿನೊಳಗೆ ಬಳಿದ ಹಳೇ ಸೀಲರ್ ಕರಗುತ್ತದೆ. ಎಥೆನಾಲ್ ತಡೆಯುವ ಪೈಪೇ ಹಾಕಿ. ಮಳೆಗಾಲದಲ್ಲಿ ಬೈಕು ಸುಮ್ನೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ. ಎಥೆನಾಲ್ ತೇವ ಎಳೆದುಕೊಂಡು ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಬ್ಯಾಟರಿ 6 ವೋಲ್ಟಿನದು. ಯಾವ ತುದಿ ಚಾಸಿಗೆ ಅನ್ನುವುದನ್ನು ವೈರಿಂಗ್ ನಕ್ಷೆ ನೋಡಿಯೇ ಕೊಡಿ. ಯುದ್ಧಕಾಲದ್ದಕ್ಕೂ ಆಮೇಲಿನದಕ್ಕೂ ಇದರಲ್ಲಿ ವ್ಯತ್ಯಾಸ ಇದೆ.

ಅಮಾಲ್ ಕಾರ್ಬೊರೇಟರಿನ ಮೇಲಿರುವ ಟಿಕ್ಲರ್ ಅನ್ನುವ ಸಣ್ಣ ಗುಂಡಿ ಒತ್ತಿ ಪೆಟ್ರೋಲ್ ತೊಟ್ಟಿಕ್ಕಿಸಿ. ಏರ್ ಲಿವರ್ ಮುಚ್ಚಿ. ಅಡ್ವಾನ್ಸ್ ಲಿವರನ್ನು ಅರ್ಧಕ್ಕೆ ಹಿಂದೆ ತನ್ನಿ, ಇಲ್ಲದಿದ್ದರೆ ಕಿಕ್ಕರ್ ವಾಪಸ್ ಒದೆಯುತ್ತದೆ, ಕಣಕಾಲು ಊದುತ್ತದೆ. ಕಿಕ್ಕರ್ ಗಟ್ಟಿಯಾಗುವವರೆಗೆ ಒತ್ತಿ, ವಾಲ್ವ್ ಲಿವರ್ ಹಿಡಿದು ಸ್ವಲ್ಪವೇ ದಾಟಿಸಿ, ಲಿವರ್ ಬಿಟ್ಟು ಒಂದೇ ಸಮನೆ ಉದ್ದಕ್ಕೆ ಒದೆಯಿರಿ.

ಸ್ಟಾರ್ಟ್ ಆದ ತಕ್ಷಣ ವಿಡಿಯೋ ತೆಗೆಯಲು ಓಡಬೇಡಿ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿ. ವಾಪಸ್ ಪೈಪಿನಿಂದ ಆಯಿಲ್ ಗುಟುಕು ಗುಟುಕಾಗಿ ಬೀಳುತ್ತಿರಬೇಕು. ಒಂದು ನಿಮಿಷದಲ್ಲಿ ಕಾಣದಿದ್ದರೆ ಎಂಜಿನ್ ನಿಲ್ಲಿಸಿ, ಮತ್ತೆ ಆ ಗುಂಡಿನ ಹತ್ತಿರ ಹೋಗಿ. ಎಕ್ಸಾಸ್ಟ್ ಪೈಪು ಬುಡದಲ್ಲಿ ಕೆಂಪಗಾದರೆ ಟೈಮಿಂಗ್ ಹಿಂದೆ ಬಿದ್ದಿದೆ. ಪ್ಲಗ್ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ. ಎಥೆನಾಲ್ ಪೆಟ್ರೋಲಿಗೆ ಅದು ಬೇಕಾಗುತ್ತದೆ.

ಹಂತ 9: ಈಗ ಪೇಂಟ್

ಮತ್ತೆ ಬಿಚ್ಚಿ. ಹೌದು, ಪೂರ್ತಿ. ಈ ಸಲ ಒಂದೇ ದಿನದಲ್ಲಿ ಆಗುತ್ತದೆ.

ಟ್ಯಾಂಕನ್ನು ಪೇಂಟರ್ ಕೈಗೆ ಕೊಡುವ ಮುಂಚೆ ನೀವೇ ಸಣ್ಣ ವಾಟರ್ ಪೇಪರಿನಲ್ಲಿ, ನೀರು ಹಾಕಿ, ಪದರ ಪದರವಾಗಿ ಉಜ್ಜಿ. ಮೇಲೆ ಕೆಂಪು, ಕೆಳಗೆ ಕಪ್ಪು, ಅದರ ಕೆಳಗೆ ಕಂದೋ ಹಸಿರೋ ಸಿಗುತ್ತದೆ. ಅದೃಷ್ಟ ಇದ್ದರೆ ಬಿಳಿಯಲ್ಲಿ 'ಸಿ' ಅಕ್ಷರ, ಮುಂದೆ ಏಳು ಅಂಕಿ ಮೂಡುತ್ತದೆ. ಅದು ಸೇನೆ ಕೊಟ್ಟ ನಂಬರು. ಫೋಟೊ ತೆಗೆದು, ಟ್ರೇಸಿಂಗ್ ಪೇಪರಿನಲ್ಲಿ ಅಕ್ಷರದ ಅಳತೆ ಇಳಿಸಿಕೊಳ್ಳಿ. ಹಳೇ ಪೇಂಟಿನಲ್ಲಿ ಸೀಸ ಇರುವುದರಿಂದ ಒಣಗಿಸಿ ಉಜ್ಜಬೇಡಿ, ಮಾಸ್ಕ್ ಹಾಕಿ.

ಬಣ್ಣ ಬೈಕಿನ ವರ್ಷಕ್ಕೆ ತಕ್ಕಂತೆ. ಯುದ್ಧದ ಶುರುವಿನವು ಖಾಕಿ ಗ್ರೀನ್ ನಂಬರ್ 3, ನಡುವಿನವು ಎಸ್‌ಸಿಸಿ 2 (ಬ್ರಿಟಿಷ್ ಸೇನೆಯ ಬಣ್ಣದ ನಂಬರು) ಅನ್ನುವ ಕಂದು, 1944ರಿಂದ ಎಸ್‌ಸಿಸಿ 15 ಆಲಿವ್. ಮೂರೂ ಮ್ಯಾಟ್. ಕ್ಲಿಯರ್ ಕೋಟ್ ಹೊಡೆಯುತ್ತೇನೆ ಅಂದ ಪೇಂಟರನ್ನು ತಡೆಯಿರಿ. ಕ್ರೋಮ್ ಎಲ್ಲೂ ಬೇಡ. 1942ರಲ್ಲಿ ಮಲಯ ಕೈತಪ್ಪಿ ರಬ್ಬರಿಗೆ ಬರ ಬಂದ ಮೇಲಿನ ಬೈಕುಗಳಲ್ಲಿ ಹ್ಯಾಂಡಲ್ ಹಿಡಿಗೆ ಕ್ಯಾನ್ವಾಸ್ ಇತ್ತು, ಫುಟ್‌ರೆಸ್ಟ್ ಬರೀ ಲೋಹದ್ದು. ಆ ಕಾಲದ ಬೈಕಿಗೆ ಹೊಸ ರಬ್ಬರ್ ಹಿಡಿ ಹಾಕಿದರೆ ನೋಡುವವರಿಗೆ ಗೊತ್ತಾಗುತ್ತದೆ. ನಂಬರು ಗುದ್ದಿದ ಜಾಗಕ್ಕೆ ಪುಟ್ಟಿ ತುಂಬದಂತೆ ಟೇಪು ಅಂಟಿಸಿ ಕೊಡಿ.

ಹಂತ 10: ಮೊದಲ 800 ಕಿಲೋಮೀಟರ್

50 ದಾಟಿಸಬೇಡಿ, ಘಾಟಿ ಹತ್ತಿಸಬೇಡಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡದೆ ಪೇಟೆಗೆ ಇಳಿಯಬೇಡಿ. ಓಡುವಾಗ ಎಂಜಿನ್ ಸದ್ದು ತಾನಾಗಿಯೇ ಭಾರವಾದರೆ ಪಿಸ್ಟನ್ ಹಿಡಿಯುತ್ತಿದೆ. ತಕ್ಷಣ ಕ್ಲಚ್ ಒತ್ತಿ, ಪಕ್ಕಕ್ಕೆ ನಿಲ್ಲಿಸಿ, ತಣ್ಣಗಾಗಲು ಬಿಡಿ.

150 ಕಿಲೋಮೀಟರ್ ಆದ ಮೇಲೆ ತಣ್ಣಗಿರುವಾಗ ಹೆಡ್ ಬೋಲ್ಟುಗಳನ್ನು ಮತ್ತೆ ಬಿಗಿದು, ಟ್ಯಾಪೆಟ್ ನೋಡಿ. ಬಿಸಿಯಿರುವಾಗಲೇ ಆಯಿಲ್ ಇಳಿಸಿ, ಬಿಳಿ ಬಟ್ಟಲಿನಲ್ಲಿ ಹಿಡಿದು ಅಯಸ್ಕಾಂತ ಆಡಿಸಿ. ಬೂದಿಯಂಥ ಪುಡಿ ಅಂಟಿದರೆ ಅದು ಹೊಸ ರಿಂಗು ಸವೆದದ್ದು, ಚಿಂತೆಯಿಲ್ಲ. ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಬಂದರೆ ಬೈಕನ್ನು ಅಲ್ಲೇ ಸ್ಟ್ಯಾಂಡ್ ಹಾಕಿ, ಅಡಿಯ ಪ್ಲೇಟ್ ಮತ್ತೆ ಬಿಚ್ಚಿ.